‘ಏನೂ ಇಲ್ಲ’ ಎಂದ ಕಡೆಯಲ್ಲಿ: ಆಳ ಸಮುದ್ರ ಶೋಧದ ನೂರೆಂಬತ್ತು ವರ್ಷ

(ದತ್ತಿ ಉಪನ್ಯಾಸದ ಪೂರ್ಣ ಪಾಠ)



ಚಂದ್ರಯಾನ-3 ಚಂದ್ರನ ಮೇಲೆ ಇಳಿದ ಸಂಜೆ ಇಡೀ ದೇಶ ಟಿ.ವಿ. ಮುಂದೆ ಕೂತಿತ್ತು. ಅದಾಗಿ ಎರಡು ವರ್ಷಕ್ಕೆ, 2025ರ ಆಗಸ್ಟ್‌ನಲ್ಲಿ, ಇಬ್ಬರು ಭಾರತೀಯರು ಫ್ರಾನ್ಸಿನ ‘ನಾಟಿಲ್’ ಎಂಬ ಸಬ್‌ಮರ್ಸಿಬಲ್‌ನಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಇಳಿದರು. ಒಬ್ಬರು 4,025 ಮೀಟರ್, ಇನ್ನೊಬ್ಬರು 5,002 ಮೀಟರ್ ಆಳ ಮುಟ್ಟಿ ಬಂದರು. ಈ ಸುದ್ದಿ ಬಂದದ್ದೂ ಹೋದದ್ದೂ ಬಹಳ ಮಂದಿಗೆ ಗೊತ್ತಾಗಲೇ ಇಲ್ಲ.

ಇಂಥ ಉದಾಸೀನ ಹೊಸತೇನಲ್ಲ. ಕಡಲ ತಳದ ಬಗ್ಗೆ ‘ಅಲ್ಲೇನೂ ಇಲ್ಲ’ ಎಂದು ತೀರ್ಪು ಕೊಡುವುದು, ಆಮೇಲೆ ಅದನ್ನು ವಾಪಸು ಪಡೆಯುವುದು ವಿಜ್ಞಾನಿಗಳಿಗೂ ಹಳೆಯ ಚಾಳಿ. ಇಂದಿನ ಉಪನ್ಯಾಸದಲ್ಲಿ ಅಂಥ ಕೆಲವು ತೀರ್ಪುಗಳ ಕಥೆಯಿದೆ. ಆ ತಳದಿಂದ ಲೋಹ ಎತ್ತಬೇಕೆಂದು ಹೊರಟಿರುವ ದೇಶಗಳ ಸಾಲಿನಲ್ಲಿ ಭಾರತವೂ ನಿಂತಿರುವುದರಿಂದ, ಈ ಹಳೆಯ ಕಥೆಗೆ ಈಗ ಹೊಸ ಪ್ರಯೋಜನವೂ ಇದೆ.

ಫೋರ್ಬ್ಸ್ ಎಳೆದ ಗೆರೆ

ಮೊದಲು ಆ ಜಾಗದ ಪರಿಚಯ. 200 ಮೀಟರಿನಿಂದ ಕೆಳಗಿನದನ್ನು ವಿಜ್ಞಾನಿಗಳು ಆಳ ಸಮುದ್ರ ಎನ್ನುತ್ತಾರೆ. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಬಲೆ ಇಳಿಸುವ ನೀರು ಬಹುಪಾಲು ಇದಕ್ಕಿಂತ ಮೇಲೇ ಇದೆ. ಸಾವಿರ ಮೀಟರ್ ದಾಟಿದರೆ ಸೂರ್ಯನ ಬೆಳಕು ಸೊನ್ನೆ. ಪ್ರತಿ ಹತ್ತು ಮೀಟರಿಗೆ ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಆರು ಸಾವಿರ ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 600 ಕಿಲೋ ಭಾರ. ತಳದ ನೀರು ಎರಡರಿಂದ ನಾಲ್ಕು ಡಿಗ್ರಿಯ ಆಸುಪಾಸು ತಣ್ಣಗಿರುತ್ತದೆ. ಸಾಗರಗಳ ಸರಾಸರಿ ಆಳವೇ ಸುಮಾರು 3,700 ಮೀಟರ್. ಅಂದರೆ ಭೂಮಿಯ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಇರುವುದು ಈ ಕತ್ತಲು, ಈ ಚಳಿ, ಈ ಒತ್ತಡದಲ್ಲಿ.

ಇಂಥ ಕಡೆ ಜೀವ ಇದ್ದೀತೇ? 1841ರಲ್ಲಿ ಎಡ್ವರ್ಡ್ ಫೋರ್ಬ್ಸ್ ಎಂಬ ಬ್ರಿಟಿಷ್ ಪ್ರಕೃತಿವಿಜ್ಞಾನಿ ‘ಬೀಕನ್’ ಎಂಬ ನೌಕಾಪಡೆಯ ಸರ್ವೆ ಹಡಗು ಹತ್ತಿ ಏಜಿಯನ್ ಸಮುದ್ರಕ್ಕೆ ಹೋದ. ತಳವನ್ನು ಗೋರುವ ಬಲೆ ಇಳಿಸಿ 230 ಮಾರು ಆಳದವರೆಗೆ ಏನೇನು ಸಿಗುತ್ತದೆಂದು ಲೆಕ್ಕ ಇಟ್ಟ. ಆಳ ಹೆಚ್ಚಿದಂತೆ ಸಿಗುವ ಪ್ರಾಣಿಗಳ ಸಂಖ್ಯೆ ಇಳಿಯುತ್ತಾ ಬಂತು. ಆ ಇಳಿಜಾರನ್ನೇ ಕಾಗದದ ಮೇಲೆ ಮುಂದುವರಿಸಿ, ಸುಮಾರು 300 ಮಾರು, ಎಂದರೆ 550 ಮೀಟರಿನ ಕೆಳಗೆ ಜೀವವಿಲ್ಲ ಎಂದು ಹೇಳಿದ. ಅವನು ಗೋರಿದ ಏಜಿಯನ್ ಕಡಲು ಆಹಾರಾಂಶ ತೀರಾ ಕಡಿಮೆ ಇರುವ ನೀರು. ಅವನ ಬಲೆಯೂ ಸಣ್ಣ ಬಾಯಿಯದು. ಎರಡೂ ಸೇರಿ ಫಲಿತಾಂಶವನ್ನು ಕೆಡಿಸಿದ್ದವು.

ತಮಾಷೆಯೆಂದರೆ, ಇದಕ್ಕೆ ವಿರುದ್ಧವಾದ ಸಾಕ್ಷಿ ಆಗಲೇ ಇತ್ತು. 1818ರಲ್ಲಿ ಜಾನ್ ರಾಸ್ ಎಂಬ ನಾವಿಕ ಬ್ಯಾಫಿನ್ ಕೊಲ್ಲಿಯಲ್ಲಿ ಆಳ ಅಳೆಯುವಾಗ, ನೂರಾರು ಮಾರು ಕೆಳಗಿನಿಂದ ಬಂದ ಹಗ್ಗಕ್ಕೆ ನಕ್ಷತ್ರಮೀನಿನ ಜಾತಿಗೆ ಹತ್ತಿರದ ಪ್ರಾಣಿಯೊಂದು ಸುತ್ತಿಕೊಂಡಿತ್ತು. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಫೋರ್ಬ್ಸ್‌ನ ಗೆರೆ ಅಳಿಸಲು ಟೆಲಿಗ್ರಾಫ್ ಕಂಪನಿಗಳೇ ಬರಬೇಕಾಯಿತು. 1860ರಲ್ಲಿ ಮೆಡಿಟರೇನಿಯನ್ ಸಮುದ್ರದ ತಳದಿಂದ ಕೆಟ್ಟುಹೋದ ಕೇಬಲ್ಲನ್ನು ದುರಸ್ತಿಗೆಂದು ಮೇಲೆತ್ತಿದಾಗ, ಎರಡು ಸಾವಿರ ಮೀಟರ್ ಆಳದಲ್ಲಿ ಮಲಗಿದ್ದ ಭಾಗಕ್ಕೆ ಹವಳದ ಪ್ರಾಣಿಗಳು ಅಂಟಿಕೊಂಡು ಬೆಳೆದಿದ್ದವು. ನಾರ್ವೆಯಲ್ಲಿ ಮೈಕೆಲ್ ಸಾರ್ಸ್ ಮತ್ತು ಅವರ ಮಗ ಜಾರ್ಜ್ ಸಾರ್ಸ್, ಫೋರ್ಬ್ಸ್ ನಿರ್ಜೀವ ಎಂದಿದ್ದ ಆಳದಿಂದಲೇ ಬಲೆ ತುಂಬ ಜೀವಿಗಳನ್ನು ಎತ್ತಿದರು.

ಹಗ್ಗ, ಗುಂಡು, ಗಡಿಯಾರ

ಆಳದಲ್ಲಿ ಜೀವವಿದೆಯೇ ಎಂಬ ಈ ವಾದಕ್ಕೆ ಉತ್ತರ ಹುಡುಕಲು ಹೊರಟದ್ದೇ ‘ಚಾಲೆಂಜರ್’ ಯಾತ್ರೆ. ಬ್ರಿಟಿಷ್ ನೌಕಾಪಡೆಯ ಈ ಯುದ್ಧನೌಕೆಯಿಂದ ಎರಡನ್ನು ಬಿಟ್ಟು ಉಳಿದೆಲ್ಲ ತೋಪುಗಳನ್ನು ಇಳಿಸಿ, ಆ ಜಾಗದಲ್ಲಿ ಪ್ರಯೋಗಾಲಯ ಕಟ್ಟಲಾಯಿತು. 1872ರ ಡಿಸೆಂಬರ್ 21ರಂದು ಪೋರ್ಟ್ಸ್‌ಮತ್ ಬಿಟ್ಟ ಹಡಗು 68,890 ನಾಟಿಕಲ್ ಮೈಲಿ ಸುತ್ತಿ 1876ರ ಮೇ 24ರಂದು ವಾಪಸಾಯಿತು. ವಿಜ್ಞಾನ ತಂಡದ ಮುಖ್ಯಸ್ಥ ವೈವಿಲ್ ಥಾಮ್ಸನ್. ತಂಡದಲ್ಲಿದ್ದ ಜಾನ್ ಮರ್ರೆ ಆಮೇಲೆ ವರದಿಯ ಭಾರ ಹೊತ್ತವರು.

ಆಳ ಅಳೆಯುವ ಅಂದಿನ ಕ್ರಮ ತಿಳಿದರೆ ಆ ಕೆಲಸದ ಶ್ರಮ ಅರ್ಥವಾಗುತ್ತದೆ. ಹಡಗನ್ನು ಅಲೆಯ ಮೇಲೆ ಆದಷ್ಟು ಕದಲದಂತೆ ನಿಲ್ಲಿಸಬೇಕು. ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಸೆಣಬಿನ ಹಗ್ಗವನ್ನು ಇಳಿಬಿಡಬೇಕು. ಹಗ್ಗದ ಮೇಲೆ ಪ್ರತಿ ನೂರು ಮಾರಿಗೊಂದು ಗುರುತು. ಒಂದು ಗುರುತು ನೀರಿಗೆ ಇಳಿದು ಇನ್ನೊಂದು ಇಳಿಯುವವರೆಗಿನ ಸಮಯವನ್ನು ಒಬ್ಬ ಗಡಿಯಾರ ನೋಡಿ ಬರೆದುಕೊಳ್ಳುತ್ತಾನೆ. ಆ ಸಮಯ ಒಮ್ಮೆಲೇ ಹೆಚ್ಚಾಯಿತೆಂದರೆ ಗುಂಡು ತಳ ಮುಟ್ಟಿತೆಂದು ಲೆಕ್ಕ. ಗುಂಡು ಕಳಚಿ ತಳದಲ್ಲೇ ಉಳಿಯುತ್ತದೆ. ಹಗ್ಗದ ತುದಿಯ ಕೊಳವೆಯೊಳಗೆ ಕಚ್ಚಿಕೊಂಡ ಕೆಸರು ಹಗ್ಗದ ಜೊತೆ ಮೇಲೆ ಬರುತ್ತದೆ. ಇದಾದ ಮೇಲೆ ಗೋರುಬಲೆ. ಒಂದು ಠಾಣೆಯ, ಎಂದರೆ ಹೀಗೆ ನಿಂತು ಅಳೆಯುವ ಒಂದು ಜಾಗದ, ಕೆಲಸಕ್ಕೆ ಒಂದು ಹಗಲು ಪೂರ್ತಿ ಬೇಕು. ಅಂಥ 362 ಠಾಣೆಗಳು. ಮೊದಮೊದಲು ಬಲೆ ಮೇಲೆ ಬಂದಾಗ ಹಡಗಿನವರೆಲ್ಲ ಮುತ್ತಿಕೊಳ್ಳುತ್ತಿದ್ದರಂತೆ. ದಿನ ಕಳೆದಂತೆ ಗುಂಪು ಕರಗಿತು. ಊಟದ ಹೊತ್ತಿಗೆ ಬಲೆ ಬಂದರೆ ಪ್ರಕೃತಿವಿಜ್ಞಾನಿಗಳೇ ಎಲ್ಲರೂ ಬರುತ್ತಿರಲಿಲ್ಲ ಎಂದು ತಂಡದಲ್ಲಿದ್ದ ಹೆನ್ರಿ ಮೋಸ್ಲಿ ಬರೆದಿಟ್ಟಿದ್ದಾರೆ.

ಬೇಸರದ ಈ ಕೆಲಸದಿಂದಲೇ ಸುಮಾರು 4,700 ಹೊಸ ಪ್ರಭೇದಗಳು ಸಿಕ್ಕವು. 1875ರ ಮಾರ್ಚ್ 23ರಂದು ಪಶ್ಚಿಮ ಪೆಸಿಫಿಕ್‌ನಲ್ಲಿ ಹಗ್ಗ 4,475 ಮಾರು ಇಳಿಯಿತು. 8 ಕಿಲೋಮೀಟರಿಗೂ ಮಿಕ್ಕಿದ ಆ ಗುಂಡಿಯೇ ಇಂದು ಮರಿಯಾನಾ ಕಂದಕ ಎಂದು ಹೆಸರಾದದ್ದು. 1873ರಲ್ಲಿ ಅಟ್ಲಾಂಟಿಕ್ ತಳದಿಂದ ಬಲೆಯಲ್ಲಿ ಕಪ್ಪು ಉಂಡೆಗಳು ಬಂದವು. ಅವುಗಳ ಮಾತು ಮುಂದೆ ಬರುತ್ತದೆ. ಯಾತ್ರೆಯ ವರದಿ 50 ಸಂಪುಟ ತುಂಬಿತು, ಮುಗಿದದ್ದು 1895ರಲ್ಲಿ. ಮೂರೂವರೆ ವರ್ಷ ಸಂಗ್ರಹಿಸಿದ್ದನ್ನು ಓದಿ, ಗುರುತಿಸಿ, ಹೆಸರಿಡಲು ಹತ್ತೊಂಬತ್ತು ವರ್ಷ ಹಿಡಿಯಿತು.

ಅರಬ್ಬೀ ಸಮುದ್ರಕ್ಕೆ ಬಂದವರು

ಚಾಲೆಂಜರ್ ಹಿಂದೂ ಮಹಾಸಾಗರದ ದಕ್ಷಿಣದ ಅಂಚನ್ನಷ್ಟೇ ಹಾದುಹೋಯಿತು. ಅರಬ್ಬೀ ಸಮುದ್ರಕ್ಕಾಗಲಿ ಬಂಗಾಳ ಕೊಲ್ಲಿಗಾಗಲಿ ಬರಲಿಲ್ಲ. ಆ ಕೊರತೆ ತುಂಬಿದ್ದು 1881ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಇನ್ವೆಸ್ಟಿಗೇಟರ್’ ಎಂಬ ಸರ್ವೆ ಹಡಗು. ಅದರ ಮುಖ್ಯ ಕೆಲಸ ಕರಾವಳಿಯ ನಕ್ಷೆ ಮಾಡುವುದು. ಹಡಗಿನ ವೈದ್ಯನೇ ಪ್ರಕೃತಿವಿಜ್ಞಾನಿ. ಬಿಡುವು ಸಿಕ್ಕಾಗ ಬಲೆ ಇಳಿಸುವುದು, ಮಳೆಗಾಲದಲ್ಲಿ ಹಡಗು ಬಂದರಿನಲ್ಲಿ ನಿಂತಾಗ ಸಿಕ್ಕಿದ್ದನ್ನು ಪರೀಕ್ಷಿಸುವುದು. ಆಲ್ಫ್ರೆಡ್ ಆಲ್ಕಾಕ್ ಎಂಬ ವೈದ್ಯ 1888ರಿಂದ 1892ರವರೆಗೆ ಈ ಕೆಲಸ ಮಾಡಿ, ಆಮೇಲೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ಮುಖ್ಯಸ್ಥರಾದರು. ಭಾರತದ ಸುತ್ತಲಿನ ಆಳ ಕಡಲಿನ ಮೀನು, ಏಡಿ, ಸೀಗಡಿಗಳ ಮೊದಲ ವಿವರಗಳು ಇವರ ಕಾಲದ್ದು.

1933–34ರಲ್ಲಿ ಈಜಿಪ್ಟ್ ಸರ್ಕಾರದ ‘ಮಬಾಹಿಸ್’ ಹಡಗು ಅರಬ್ಬೀ ಸಮುದ್ರಕ್ಕೆ ಬಂತು. ಖರ್ಚಿಗೆ ಜಾನ್ ಮರ್ರೆ ಬಿಟ್ಟುಹೋದ ಹಣ. ನಾಯಕತ್ವ ಹಿಂದೆ ಇನ್ವೆಸ್ಟಿಗೇಟರ್‌ನಲ್ಲಿ ದುಡಿದಿದ್ದ ಸೀಮೋರ್ ಸೂವೆಲ್ ಅವರದು. ಅರೇಬಿಯಾ ಕರಾವಳಿಯಾಚೆ ಸುಮಾರು 100ರಿಂದ 1,300 ಮೀಟರ್ ಆಳದಲ್ಲಿ ಬಲೆ ಎತ್ತಿದರೆ ಹಸಿರು ಕೆಸರು, ಕೊಳೆತ ಮೊಟ್ಟೆಯ ವಾಸನೆ. ಪ್ರಾಣಿ ಏನೂ ಇಲ್ಲ. ಮತ್ತೊಮ್ಮೆ ‘ನಿರ್ಜೀವ’ ಎಂಬ ಷರಾ ಬಿತ್ತು.

ಇಲ್ಲಿ ಅರ್ಧ ಸತ್ಯವಿತ್ತು. ಅರಬ್ಬೀ ಸಮುದ್ರದ ನಡುಮಟ್ಟದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೇಲಿನ ನೀರಿನಲ್ಲಿ ಬೆಳೆದ ಸೂಕ್ಷ್ಮ ಸಸ್ಯಗಳು ಸತ್ತು ಕೆಳಗಿಳಿದು ಕೊಳೆಯುವಾಗ ಅದನ್ನೆಲ್ಲ ಹೀರಿಬಿಡುತ್ತವೆ. ದೊಡ್ಡ ಪ್ರಾಣಿಗಳಿಗೆ ಅಲ್ಲಿ ಉಸಿರಾಟ ಕಷ್ಟ. ಆದರೆ 1990ರ ದಶಕದಲ್ಲಿ ಒಮಾನ್ ಬಳಿ ಅದೇ ಕೆಸರನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದಾಗ ಪುಟ್ಟ ಹುಳುಗಳೂ ಒಂದೇ ಕೋಶದ ಚಿಪ್ಪುಜೀವಿಗಳೂ ದಟ್ಟವಾಗಿ ಸಿಕ್ಕವು. ಕಡಿಮೆ ಆಮ್ಲಜನಕದಲ್ಲಿ ಬದುಕಲು ಒಗ್ಗಿಕೊಂಡ ಜೀವಸಮೂಹ ಅದು. ಜರಡಿಯ ಕಣ್ಣು ದೊಡ್ಡದಾಗಿದ್ದರಿಂದ ಅವು ಹಿಂದೆ ಕಾಣಿಸಿರಲಿಲ್ಲ.

ಮೇಜಿನ ಮೇಲೆ ಸಿಕ್ಕ ಕಣಿವೆ

ತಳದ ರೂಪದ ಬಗ್ಗೆಯೂ ಇದೇ ಕಥೆ. ಕೆಸರು ತುಂಬಿದ ಚಪ್ಪಟೆ ಬಯಲು ಎಂದೇ ಬಹಳ ಕಾಲ ನಂಬಿಕೆ. ಹಡಗಿನಿಂದ ಶಬ್ದ ಕಳುಹಿಸಿ ಪ್ರತಿಧ್ವನಿಯಿಂದ ಆಳ ಲೆಕ್ಕ ಹಾಕುವ ಯಂತ್ರ ಬಂದ ಮೇಲೆ ಅಂಕಿಗಳು ರಾಶಿ ಬಿದ್ದವು. ನ್ಯೂಯಾರ್ಕ್ ಬಳಿಯ ಲ್ಯಾಮಾಂಟ್ ಪ್ರಯೋಗಾಲಯದಲ್ಲಿ ಆ ಅಂಕಿಗಳನ್ನು ನಕ್ಷೆಗೆ ಇಳಿಸುವ ಕೆಲಸ ಮೇರಿ ಥಾರ್ಪ್ ಅವರಿಗೆ ಬಂತು. ಹೆಂಗಸರನ್ನು ಶೋಧನಾ ಹಡಗಿಗೆ ಹತ್ತಿಸದ ಕಾಲ. ಸಹೋದ್ಯೋಗಿ ಬ್ರೂಸ್ ಹೀಜನ್ ಸಮುದ್ರಕ್ಕೆ ಹೋಗಿ ಅಂಕಿ ತರುವುದು, ಥಾರ್ಪ್ ಮೇಜಿನ ಮುಂದೆ ಕೂತು ಗೆರೆ ಎಳೆಯುವುದು.

1952ರಲ್ಲಿ ಉತ್ತರ ಅಟ್ಲಾಂಟಿಕ್ಕನ್ನು ಅಡ್ಡ ದಾಟಿದ ಆರು ದಾರಿಗಳ ಆಳವನ್ನು ಒಂದರ ಕೆಳಗೊಂದು ಬರೆದಾಗ, ನಡುವಿನ ಪರ್ವತಸಾಲಿನ ನೆತ್ತಿಯಲ್ಲಿ ಪ್ರತಿ ಸಲವೂ ಒಂದು ಸೀಳು ಕಂಡಿತು. ಸಾಗರದ ತಳವೇ ಅಲ್ಲಿ ಬಿರುಕು ಬಿಟ್ಟು ಎರಡೂ ಕಡೆಗೆ ಸರಿಯುತ್ತಿದೆ ಎಂಬುದು ಅದರ ಅರ್ಥ. ಹೀಜನ್ ಇದನ್ನು ಹೆಣ್ಣುಮಕ್ಕಳ ಹರಟೆ ಎಂದು ತಳ್ಳಿಹಾಕಿದರು. ಪಕ್ಕದ ಮೇಜಿನಲ್ಲಿ ಹೊವರ್ಡ್ ಫಾಸ್ಟರ್ ಎಂಬಾತ ಸಮುದ್ರದಡಿಯ ಭೂಕಂಪಗಳ ಸ್ಥಾನಗಳನ್ನು ಅದೇ ಅಳತೆಯ ನಕ್ಷೆಯಲ್ಲಿ ಗುರುತಿಸುತ್ತಿದ್ದ. ಎರಡು ಹಾಳೆಗಳನ್ನೂ ಒಂದರ ಮೇಲೊಂದಿಟ್ಟು ಕೆಳಗಿನಿಂದ ದೀಪ ಹಚ್ಚಿದಾಗ ಭೂಕಂಪದ ಚುಕ್ಕೆಗಳು ಥಾರ್ಪ್ ಗುರುತಿಸಿದ ಕಣಿವೆಯೊಳಗೇ ಸಾಲಾಗಿ ಕೂತವು. ಹೀಜನ್ ಒಪ್ಪಿದರು. 1959ರಲ್ಲಿ ಜಾಕ್ ಕೂಸ್ತೊ ಆ ಕಣಿವೆಯಲ್ಲಿ ಕ್ಯಾಮೆರಾ ಎಳೆದು ತೆಗೆದ ಚಿತ್ರವನ್ನು ನ್ಯೂಯಾರ್ಕಿನ ಸಮ್ಮೇಳನದಲ್ಲಿ ತೋರಿಸಿದ ಮೇಲೆ ಉಳಿದವರೂ ಬಾಯಿ ಮುಚ್ಚಿಕೊಂಡರು. ಭೂಮಿಯನ್ನು ಸುತ್ತುವ ಈ ಪರ್ವತಸಾಲಿನ ಉದ್ದ ಸುಮಾರು 65,000 ಕಿಲೋಮೀಟರ್.

ಸೂರ್ಯನ ಹಂಗಿಲ್ಲದ ಊಟ

1960ರ ಜನವರಿ 23ರಂದು ಜಾಕ್ ಪಿಕಾರ್ಡ್ ಮತ್ತು ಡಾನ್ ವಾಲ್ಷ್ ‘ಟ್ರಿಯೆಸ್ಟ್’ ನೌಕೆಯಲ್ಲಿ ಮರಿಯಾನಾ ಕಂದಕದ ತಳಕ್ಕೆ, ಸುಮಾರು 10,900 ಮೀಟರಿಗೆ, ಇಳಿದರು. ಅದು ಸಾಹಸ. ವಿಜ್ಞಾನವನ್ನು ಬುಡಮೇಲು ಮಾಡಿದ ಇಳಿತ ಬಂದದ್ದು ಹದಿನೇಳು ವರ್ಷದ ಮೇಲೆ.

1977ರ ಫೆಬ್ರವರಿಯಲ್ಲಿ ಭೂವಿಜ್ಞಾನಿಗಳ ತಂಡವೊಂದು ಗಲಾಪಗೋಸ್ ದ್ವೀಪಗಳ ಬಳಿ ಸಮುದ್ರದಡಿಯ ಬಿಸಿನೀರಿನ ಚಿಲುಮೆಗಳನ್ನು ಹುಡುಕುತ್ತಿತ್ತು. ತಳಕ್ಕೆ ಎಳೆದುಕೊಂಡು ಹೋದ ಕ್ಯಾಮೆರಾ ಸಾವಿರಾರು ಚಿತ್ರ ತೆಗೆಯಿತು. ಒಂದು ಕಡೆ ಮಾತ್ರ ಕ್ಷಣಕಾಲ ಉಷ್ಣತೆ ಏರಿತ್ತು. ಅದೇ ಕ್ಷಣದ ಹದಿಮೂರು ಚಿತ್ರಗಳಲ್ಲಿ ಬಿಳಿ ಚಿಪ್ಪುಗಳು ರಾಶಿ ರಾಶಿ; ಅದರ ಹಿಂದೆ ಮುಂದೆ ಬರೀ ಕಪ್ಪು ಲಾವಾ. ಮರುದಿನ ‘ಆಲ್ವಿನ್’ ಸಬ್‌ಮರ್ಸಿಬಲ್ ಇಬ್ಬರು ವಿಜ್ಞಾನಿಗಳನ್ನೂ ಒಬ್ಬ ಚಾಲಕನನ್ನೂ ಹೊತ್ತು 2,500 ಮೀಟರಿಗೆ ಇಳಿಯಿತು. ಒಳಗಿದ್ದ ಜಾಕ್ ಕಾರ್ಲಿಸ್ ಫೋನಿನಲ್ಲಿ ಮೇಲಿನ ಹಡಗಿನ ವಿದ್ಯಾರ್ಥಿನಿಯನ್ನು, ಆಳ ಸಮುದ್ರವೆಂದರೆ ಮರುಭೂಮಿಯಲ್ಲವೇ, ಇಲ್ಲಿ ಇಷ್ಟೊಂದು ಪ್ರಾಣಿಗಳಿವೆಯಲ್ಲ ಎಂದು ಕೇಳಿದರು. ತಂದ ನೀರಿನ ಶೀಸೆ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಕೋಣೆ ತುಂಬಿತು. ಹಡಗಿನಲ್ಲಿ ಒಬ್ಬ ಜೀವವಿಜ್ಞಾನಿಯೂ ಇರಲಿಲ್ಲ. ಮಾದರಿಗಳನ್ನು ಕೆಡದಂತೆ ಇಡುವ ದ್ರಾವಣವೂ ಸಾಕಷ್ಟಿರಲಿಲ್ಲ. ಯಾರೋ ಪನಾಮಾದಲ್ಲಿ ಕೊಂಡಿದ್ದ ರಷ್ಯನ್ ವೋಡ್ಕಾದಲ್ಲಿ ಅವನ್ನು ಮುಳುಗಿಸಿಟ್ಟರು.

ಆ ಜೀವಿಗಳಲ್ಲಿ ಒಂದು ಎರಡು ಮೀಟರ್ ಉದ್ದ ಬೆಳೆಯುವ ಕೆಂಪು ತಲೆಯ ಕೊಳವೆಹುಳು. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಕರುಳಿಲ್ಲ. ಹಾಗಾದರೆ ತಿನ್ನುವುದೇನು? 1980ರಲ್ಲಿ ಹಾರ್ವರ್ಡ್‌ನಲ್ಲಿ ಮೆರೆಡಿತ್ ಜೋನ್ಸ್ ಎಂಬ ತಜ್ಞರು ಈ ಹುಳುವಿನ ಬಗ್ಗೆ ಪಾಠ ಮಾಡುತ್ತಾ, ಅದರ ಒಳಗಿನ ಅಂಗಾಂಶದಲ್ಲಿ ಗಂಧಕದ ಹರಳುಗಳಿವೆ ಎಂದರು. ಕೊಲೀನ್ ಕವನಾ ಎಂಬ ವಿದ್ಯಾರ್ಥಿನಿ ತಟ್ಟನೆ ಎದ್ದು ನಿಂತು, ಹುಳುವಿನ ಮೈಯೊಳಗೆ ಗಂಧಕವನ್ನು ಉರಿಸಿ ಆಹಾರ ಮಾಡುವ ಬ್ಯಾಕ್ಟೀರಿಯಾ ಇರಲೇಬೇಕು ಎಂದಳು. ಮರುವರ್ಷವೇ ಅವಳ ಪ್ರಬಂಧ ಪ್ರಕಟವಾಯಿತು. ಹುಳುವಿನ ರಕ್ತ ಆಮ್ಲಜನಕವನ್ನೂ ಚಿಲುಮೆಯ ಹೈಡ್ರೋಜನ್ ಸಲ್ಫೈಡನ್ನೂ ಒಟ್ಟಿಗೆ ಹೊತ್ತು ಬ್ಯಾಕ್ಟೀರಿಯಾಗಳಿಗೆ ತಲುಪಿಸುತ್ತದೆ; ಅವು ಹುಳುವಿಗೆ ಉಣಿಸುತ್ತವೆ. ಎಲ್ಲ ಊಟದ ಮೂಲ ಸೂರ್ಯನೇ ಎಂಬ ಶಾಲೆಯ ಪಾಠಕ್ಕೆ ಅಂದಿನಿಂದ ತಿದ್ದುಪಡಿ ಬೇಕಾಯಿತು.

ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ವಿಶೇಷ ಜೀವಿಯಿದೆ. ಮಧ್ಯ ಹಿಂದೂ ಮಹಾಸಾಗರದ ಪರ್ವತಸಾಲಿನಲ್ಲಿ ಜಪಾನೀಯರು 2000ದಲ್ಲಿ ಕಂಡುಹಿಡಿದ ‘ಕೈರೇ’ ಚಿಲುಮೆಯ ಬಳಿ ಮರುವರ್ಷ ಒಂದು ಬಸವನಹುಳು ಸಿಕ್ಕಿತು. ಅದರ ಚಿಪ್ಪಿನ ಹೊರಪದರವೂ ಕಾಲಿನ ಮೇಲಿನ ಹುರುಪೆಗಳೂ ಕಬ್ಬಿಣದ ಸಲ್ಫೈಡಿನವು. ಹೀಗೆ ಮೈಮೇಲೆ ಕಬ್ಬಿಣ ಹೊತ್ತು ಬದುಕುವ ಬೇರೊಂದು ಪ್ರಾಣಿ ಗೊತ್ತಿಲ್ಲ. 2019ರಲ್ಲಿ ಇದು ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಆಳ ಸಮುದ್ರದ ಗಣಿಗಾರಿಕೆಯ ಭೀತಿಯಿಂದಾಗಿ ಆ ಪಟ್ಟಿ ಸೇರಿದ ಮೊದಲ ಜೀವಿ ಇದೇ. ಆಗ ಗೊತ್ತಿದ್ದ ಅದರ ಮೂರು ನೆಲೆಗಳಲ್ಲಿ ಎರಡು, ಗಣಿ ಪರಿಶೋಧನೆಗೆ ಗುತ್ತಿಗೆ ಕೊಟ್ಟ ಪ್ರದೇಶದೊಳಗೇ ಇದ್ದವು.

ಬೆನ್ನೆಲುಬಿರುವ ಪ್ರಾಣಿಗಳ ಗಡಿಯೂ ಕೆಳಕ್ಕೆ ಸರಿದಿದೆ. 2022ರಲ್ಲಿ ಜಪಾನಿನ ದಕ್ಷಿಣದ ಕಂದಕದಲ್ಲಿ ಇಳಿಬಿಟ್ಟ ಕ್ಯಾಮೆರಾಕ್ಕೆ 8,336 ಮೀಟರ್ ಆಳದಲ್ಲಿ ಮೀನೊಂದು ಈಜುತ್ತಿರುವುದು ಕಂಡಿತು. ಒತ್ತಡಕ್ಕೆ ಪ್ರೋಟೀನುಗಳು ಕೆಡದಂತೆ ಕಾಯುವ ರಾಸಾಯನಿಕವೊಂದು ಇಂಥ ಮೀನುಗಳ ಮೈಯಲ್ಲಿ ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಅದರ ಪ್ರಮಾಣಕ್ಕೂ ಒಂದು ಮಿತಿಯಿದೆ. ಆ ಲೆಕ್ಕದಂತೆ ಮೀನುಗಳ ಕೊನೆಯ ಗಡಿ 8,200ರಿಂದ 8,400 ಮೀಟರಿನ ನಡುವೆ ಬೀಳುತ್ತದೆ. ಈ ಸಲ ಗೆರೆ ಎಳೆದವರ ಕೈಯಲ್ಲಿ ಕಾರಣವೂ ಇದೆ.

ಕಪ್ಪು ಉಂಡೆಗಳ ಲೆಕ್ಕ

ಈಗ ಚಾಲೆಂಜರ್ ಎತ್ತಿದ ಆ ಉಂಡೆಗಳ ಮಾತು. ನೋಡಲು ಸುಟ್ಟ ಆಲೂಗಡ್ಡೆಯಂತೆ ಇರುವ ಇವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಶಾರ್ಕಿನ ಹಲ್ಲಿನ ಚೂರೋ ಕಲ್ಲಿನ ಕಣವೋ ನಡುವೆ ಇದ್ದು, ಅದರ ಸುತ್ತ ನೀರಿನಲ್ಲಿ ಕರಗಿದ ಲೋಹ ಪದರ ಪದರವಾಗಿ ಕೂರುತ್ತದೆ. ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್.

1981ರ ಜನವರಿ 26ರಂದು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ‘ಗವೇಷಣಿ’ ಹಡಗು ಭಾರತದ ಪರವಾಗಿ ಮೊದಲ ಉಂಡೆ ಎತ್ತಿತು. 1987ರಲ್ಲಿ ಮಧ್ಯ ಹಿಂದೂ ಮಹಾಸಾಗರದ ಒಂದೂವರೆ ಲಕ್ಷ ಚದರ ಕಿಲೋಮೀಟರ್ ಪ್ರದೇಶ ಭಾರತದ ಪಾಲಿಗೆ ಬಂತು. ಅರ್ಧವನ್ನು ಬಿಟ್ಟುಕೊಟ್ಟ ಮೇಲೆ ಉಳಿದದ್ದು 75,000 ಚದರ ಕಿಲೋಮೀಟರ್. ಅಲ್ಲಿ 38 ಕೋಟಿ ಟನ್ ಉಂಡೆಗಳಿವೆಯೆಂದು ಅಂದಾಜು. ಕನ್ಯಾಕುಮಾರಿಯಿಂದ ಎರಡು ಸಾವಿರ ಕಿಲೋಮೀಟರಿಗೂ ದೂರ, ಐದು ಸಾವಿರ ಮೀಟರಿಗೂ ಆಳ. 2021ರ ಏಪ್ರಿಲ್‌ನಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ‘ವರಾಹ’ ಎಂಬ ಯಂತ್ರವನ್ನು 5,270 ಮೀಟರ್ ಆಳದ ಕೆಸರಿನಲ್ಲಿ ಓಡಿಸಿ ನೋಡಿತು. ಅದೇ ವರ್ಷ ಕೇಂದ್ರ ಸರ್ಕಾರ 4,077 ಕೋಟಿ ರೂಪಾಯಿಯ ಡೀಪ್ ಓಷನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೂವರನ್ನು 6,000 ಮೀಟರಿಗೆ ಒಯ್ಯಬೇಕಾದ ‘ಮತ್ಸ್ಯ-6000’ ಈ ಯೋಜನೆಯ ಕೂಸು. ಮೂವರೂ ಕೂರುವ ಟೈಟಾನಿಯಂ ಗೋಳದ ಒಳ ಅಗಲ 2.1 ಮೀಟರ್, ಗೋಡೆಯ ದಪ್ಪ 80 ಮಿಲಿಮೀಟರ್.

ದೇಶಕ್ಕೆ ನಿಕ್ಕಲ್, ಕೋಬಾಲ್ಟ್ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಉಂಡೆ ಎತ್ತಿದ ಜಾಗ ಏನಾಗುತ್ತದೆ ಎಂಬುದಕ್ಕೂ ಪ್ರಯೋಗಗಳಿವೆ. 1989ರಲ್ಲಿ ಜರ್ಮನ್ ವಿಜ್ಞಾನಿಗಳು ಪೆರು ಕರಾವಳಿಯಾಚೆ ನಾಲ್ಕು ಸಾವಿರ ಮೀಟರ್ ಆಳದಲ್ಲಿ ನೇಗಿಲಿನಂಥ ಸಾಧನವನ್ನು 78 ಸಲ ಎಳೆದು ತಳ ಉತ್ತರು. 2015ರಲ್ಲಿ ಹೋಗಿ ನೋಡಿದರೆ ಉತ್ತ ಸಾಲುಗಳು ಹಾಗೇ ಇದ್ದವು. ಕೆಲವು ಕಡೆ ಸೂಕ್ಷ್ಮಜೀವಿಗಳ ಚಟುವಟಿಕೆ ನಾಲ್ಕನೇ ಒಂದಂಶಕ್ಕೆ ಇಳಿದಿತ್ತು. ಉಂಡೆಗಳ ಮೇಲೆಯೇ ಅಂಟಿ ಬದುಕುವ ಪ್ರಾಣಿಗಳಿಗಂತೂ ಉಂಡೆ ಹೋದರೆ ನೆಲೆಯೇ ಹೋದಂತೆ. ಗಣಿ ಕಂಪನಿಗಳ ಕಣ್ಣು ಹೆಚ್ಚಾಗಿ ಬಿದ್ದಿರುವ ಪೆಸಿಫಿಕ್‌ನ ಕ್ಲಾರಿಯನ್–ಕ್ಲಿಪ್ಪರ್ಟನ್ ವಲಯದಲ್ಲಿ 5,578 ಪ್ರಭೇದಗಳಿವೆಯೆಂದು 2023ರ ಅಧ್ಯಯನವೊಂದು ಲೆಕ್ಕ ಹಾಕಿತು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟಕ್ಕೆ ಇನ್ನೂ ಹೆಸರಿಲ್ಲ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿರುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ 2025ರ ಜುಲೈ ಅಧಿವೇಶನದಲ್ಲೂ ಗಣಿಗಾರಿಕೆಯ ನಿಯಮಗಳು ಅಂತಿಮವಾಗಲಿಲ್ಲ. ಈ ತಡ ಒಳ್ಳೆಯದೇ. ಜಗತ್ತಿನ ಸಮುದ್ರತಳದಲ್ಲಿ ಆಧುನಿಕ ಯಂತ್ರಗಳಿಂದ ನಕ್ಷೆಯಾಗಿರುವುದು 2025ರ ಜೂನ್ ಹೊತ್ತಿಗೆ ನೂರಕ್ಕೆ 27.3 ಭಾಗ. ಕಣ್ಣಿನಿಂದಲೋ ಕ್ಯಾಮೆರಾದಿಂದಲೋ ನೋಡಿರುವುದಂತೂ ಆಳದ ತಳದ ಲಕ್ಷದಲ್ಲಿ ಒಂದು ಭಾಗ ಎಂದು ಅದೇ ವರ್ಷದ ಅಧ್ಯಯನ ಹೇಳುತ್ತದೆ. ಇಷ್ಟು ಕಡಿಮೆ ನೋಡಿ ಇಷ್ಟು ದೊಡ್ಡ ಗುತ್ತಿಗೆಗಳ ಮೇಲೆ ಯಂತ್ರ ಇಳಿಸುವುದು, 230 ಮಾರು ಗೋರಿ 300 ಮಾರಿನ ಕೆಳಗಿನದ್ದನ್ನು ತೀರ್ಮಾನಿಸಿದ ತಪ್ಪನ್ನೇ ಮಾಡಿದಂತೆ. ಫೋರ್ಬ್ಸ್‌ನ ತಪ್ಪನ್ನು ಕೇಬಲ್ಲೊಂದು ತಿದ್ದಿತು. ಲಕ್ಷಾಂತರ ವರ್ಷಗಳಲ್ಲಿ ಬೆಳೆದದ್ದನ್ನು ಎತ್ತಿಬಿಟ್ಟ ಮೇಲೆ ತಿದ್ದಲು ದಾರಿಯಿರುವುದಿಲ್ಲ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿಯೊಂದಿಗೆ ಈ ಮಾತು ಮುಗಿಯಬೇಕು. ಮತ್ಸ್ಯ-6000 ಓಡಿಸಲು ಎಂಜಿನಿಯರುಗಳು ಸಿಗುತ್ತಾರೆ. ಅದು ಎತ್ತಿ ತರುವ ಹುಳು, ಚಿಪ್ಪು, ಸ್ಪಂಜುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಇದು ಇಂಥದ್ದೆಂದು ಹೇಳಬಲ್ಲ ವರ್ಗೀಕರಣ ತಜ್ಞರು ದೇಶದಲ್ಲಿ ಬೆರಳೆಣಿಕೆಯಷ್ಟು. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ, ಗೋವಾದ ಸಾಗರ ವಿಜ್ಞಾನ ಸಂಸ್ಥೆ ಕಾರವಾರದಿಂದ ಕೆಲವೇ ಗಂಟೆಗಳ ದಾರಿ. ಪದವಿ ಮುಗಿಸುವವರು ಮುಂದಿನ ಅರ್ಜಿ ಬರೆಯುವಾಗ ಈ ಮೂರರಲ್ಲಿ ಒಂದನ್ನು ದಯವಿಟ್ಟು ಪಟ್ಟಿಗೆ ಸೇರಿಸಿಕೊಳ್ಳಿ. ಅಧ್ಯಾಪಕರು ಅವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ ಬನ್ನಿ.